ಶ್ರವಣ ಸಾಧನಕ್ಕೆ ಯಾವ ಸೂತ್ರ? ದೊಡ್ಡವರಿಗೂ ಮಕ್ಕಳಿಗೂ ನಾಲ್ ಮತ್ತು ಡಿಎಸ್‌ಎಲ್ ಬಳಸುವ ಬಗೆ

ಆಡಿಯೋಗ್ರಾಮ್ (ಶ್ರವಣ ಎಲ್ಲಿ ಎಷ್ಟು ಕುಂದಿದೆ ಎಂದು ತೋರಿಸುವ ನಕ್ಷೆ) ಕೈಗೆ ಬಂದ ಮೇಲೆ ಶ್ರವಣ ತಜ್ಞರಾದ ಆಡಿಯಾಲಜಿಸ್ಟ್ ಮುಂದಿರುವ ಪ್ರಶ್ನೆ ಒಂದೇ: ಯಾವ ಫ್ರೀಕ್ವೆನ್ಸಿಯಲ್ಲಿ (ಸದ್ದಿನ ಕಂಪನ ಪ್ರಮಾಣ) ಎಷ್ಟು ಗೇನ್, ಅಂದರೆ ಸದ್ದಿನ ಹೆಚ್ಚಳ, ಕೊಡಬೇಕು? ಇದನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿ ಹೇಳುವುದೇ ಫಿಟ್ಟಿಂಗ್ ಸೂತ್ರ. ಇಂದು ಜಗತ್ತಿನಾದ್ಯಂತ ಎರಡು ಸೂತ್ರಗಳು ಹೆಚ್ಚಾಗಿ ಬಳಕೆಯಲ್ಲಿವೆ: ಆಸ್ಟ್ರೇಲಿಯಾದ ನಾಲ್-ಎನ್‌ಎಲ್2 (ನಾಲ್ ಅಂದರೆ ಅದನ್ನು ತಂದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್) ಮತ್ತು ಕೆನಡಾದ ಡಿಎಸ್‌ಎಲ್ 5 (ಡಿಸೈರ್ಡ್ ಸೆನ್ಸೇಷನ್ ಲೆವೆಲ್). "ದೊಡ್ಡವರಿಗೆ ನಾಲ್, ಮಕ್ಕಳಿಗೆ ಡಿಎಸ್‌ಎಲ್" ಎಂದು ಕಲಿತು ಅಲ್ಲಿಗೇ ಬಿಡುವವರು ಬಹಳ ಮಂದಿ. ಆ ಮಾತು ತಪ್ಪಲ್ಲ. ಆದರೆ ಫಿಟ್ಟಿಂಗ್ ಹಾಳಾಗುವುದು ಸೂತ್ರದ ಆಯ್ಕೆಯಿಂದ ಕಡಿಮೆ. ಸೂತ್ರಕ್ಕೆ ತಪ್ಪು ಮಾಹಿತಿ ಉಣಿಸುವುದರಿಂದ, ಅದು ಹೇಳಿದ ಗುರಿ ಮಟ್ಟವನ್ನು, ಅಂದರೆ ಟಾರ್ಗೆಟ್ ಅನ್ನು, ಕಿವಿಯೊಳಗೆ ಅಳೆದು ನೋಡದೇ ಇರುವುದರಿಂದ ಹಾಳಾಗುವುದೇ ಹೆಚ್ಚು. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಆ ಎರಡಕ್ಕೇ ಮೀಸಲು.

ಮೊದಲು ಒಂದು ಲೆಕ್ಕ ಕೈಯಲ್ಲೇ ಮಾಡಿ

ಈಗಿನ ಸೂತ್ರಗಳನ್ನು ಕಾಗದದ ಮೇಲೆ ಬಿಡಿಸಲಾಗದು, ಸಾಫ್ಟ್‌ವೇರ್ ಬೇಕು. ಆದರೆ ಅವುಗಳ ಹಿಂದಿನ ವಿಚಾರ ಹಳೆಯ ಸೂತ್ರಗಳಲ್ಲಿ ಬೆತ್ತಲಾಗಿ ಕಾಣುತ್ತದೆ. 1944ರಲ್ಲಿ ಸ್ಯಾಮ್ಯುಯೆಲ್ ಲೈಬಾರ್ಗರ್ ಕೊಟ್ಟ ಅರ್ಧ ಗೇನ್ ನಿಯಮ ಸರಳ: ಶ್ರವಣ ನಷ್ಟ ಎಷ್ಟು ಡಿಬಿಯೋ (ಡೆಸಿಬಲ್, ಸದ್ದಿನ ಅಳತೆ) ಅದರ ಅರ್ಧ ಗೇನ್. 1986ರಲ್ಲಿ ಡೆನಿಸ್ ಬರ್ನ್ ಮತ್ತು ಹಾರ್ವಿ ಡಿಲ್ಲನ್ ಸಿಡ್ನಿಯ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನಿಂದ ನಾಲ್-ಆರ್ ಸೂತ್ರ ತಂದರು. ಅದು ಹೀಗಿದೆ: 500, 1000, 2000 ಹರ್ಟ್ಜ್‌ಗಳ ನಷ್ಟವನ್ನು ಕೂಡಿಸಿ 0.05ರಿಂದ ಗುಣಿಸಿ. ಅದಕ್ಕೆ ಆಯಾ ಫ್ರೀಕ್ವೆನ್ಸಿಯ ನಷ್ಟದ 0.31 ಪಾಲು ಸೇರಿಸಿ. ಕೊನೆಗೆ ಆ ಫ್ರೀಕ್ವೆನ್ಸಿಗೆ ನಿಗದಿಯಾದ ಅಂಕಿ ಕೂಡಿಸಿ: 250ಕ್ಕೆ −17, 500ಕ್ಕೆ −8, 1000ಕ್ಕೆ +1, 2000ಕ್ಕೆ −1, 4000ಕ್ಕೆ −2.

ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಇಳಿಜಾರು ಆಡಿಯೋಗ್ರಾಮ್ ಒಂದನ್ನು ತೆಗೆದುಕೊಳ್ಳೋಣ: 250ರಲ್ಲಿ 25, 500ರಲ್ಲಿ 30, 1000ದಲ್ಲಿ 40, 2000ದಲ್ಲಿ 55, 4000ದಲ್ಲಿ 70 ಡಿಬಿ. ಮೂರರ ಮೊತ್ತ 125, ಅದರ 0.05 ಪಾಲು 6.25. 2000 ಹರ್ಟ್ಜ್‌ಗೆ 6.25 + 17.05 − 1, ಅಂದರೆ ಸುಮಾರು 22 ಡಿಬಿ. ಇದೇ ರೀತಿ 500ಕ್ಕೆ 8, 1000ಕ್ಕೆ 20, 4000ಕ್ಕೆ 26 ಬರುತ್ತದೆ. 250ಕ್ಕೆ ಲೆಕ್ಕ ಋಣಾತ್ಮಕವಾಗುತ್ತದೆ, ಅಂದರೆ ಅಲ್ಲಿ ಗೇನ್ ಬೇಡ. ಅರ್ಧ ಗೇನ್ ನಿಯಮ ಹಿಡಿದಿದ್ದರೆ 250ಕ್ಕೆ 12.5, 500ಕ್ಕೆ 15, 1000ಕ್ಕೆ 20, 4000ಕ್ಕೆ 35 ಬರುತ್ತಿತ್ತು.

ಎರಡೂ 1000ದಲ್ಲಿ ಒಂದಾಗಿ, ಆಚೀಚೆ ಬೇರೆಯಾಗಿವೆ. ಮಾತಿನ ಶಕ್ತಿಯ ಹೆಚ್ಚಿನ ಪಾಲು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ, ಸ್ವರಗಳಲ್ಲಿ ಇರುತ್ತದೆ. ಅಲ್ಲಿ ಗೇನ್ ಏರಿಸಿದರೆ ಜೋರು ಹೆಚ್ಚುತ್ತದೆ, ಅರ್ಥವಾಗುವುದು ಹೆಚ್ಚುವುದಿಲ್ಲ. ಮೇಲ್ತುದಿಯಲ್ಲಿ ನಷ್ಟ ತೀರ ಹೆಚ್ಚಾದಾಗ ಕೇಳಿಸಿದ ಸದ್ದನ್ನು ಕಿವಿ ಬಿಡಿಸಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. ಅಲ್ಲಿ ಗೇನ್ ಸುರಿದರೆ ಸಿಗುವುದು ಕಿರಿಕಿರಿ ಮಾತ್ರ. ನಾಲ್ ಮನೆತನದ ಎಲ್ಲ ಸೂತ್ರಗಳ ಬುನಾದಿ ಇದು: ಒಟ್ಟು ಜೋರು ಸಾಮಾನ್ಯ ಕಿವಿಯವರಿಗೆ ಕೇಳುವಷ್ಟನ್ನು ಮೀರದೆ, ಮಾತು ಆದಷ್ಟು ಹೆಚ್ಚು ಅರ್ಥವಾಗಬೇಕು.

ಆದರೆ ನಾಲ್-ಆರ್ ಎಲ್ಲ ಸದ್ದಿಗೂ ಒಂದೇ ಗೇನ್ ಹೇಳುತ್ತಿತ್ತು. ಪಿಸುಮಾತಿಗೆ ಹೆಚ್ಚು, ಕೂಗಿಗೆ ಕಡಿಮೆ ಗೇನ್ ಕೊಡುವ ಕಂಪ್ರೆಷನ್ ಸಾಧನಗಳು ಬಂದ ಮೇಲೆ ಅದು ಸಾಲಲಿಲ್ಲ. ಅದಕ್ಕಾಗಿ 1999ರಲ್ಲಿ ನಾಲ್-ಎನ್‌ಎಲ್1, 2011ರಲ್ಲಿ ಎನ್‌ಎಲ್2 ಬಂದವು.

ಡಿಎಸ್‌ಎಲ್ ಹುಟ್ಟಿದ್ದೇ ಮಕ್ಕಳಿಗಾಗಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದಲ್ಲಿರುವ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸೀವಾಲ್ಡ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಕೆಲಸ ಆರಂಭಿಸಿದರು. 2005ರಲ್ಲಿ ಸೂಸನ್ ಸ್ಕಾಲಿ ಮತ್ತಿತರರು ಐದನೆಯ ಆವೃತ್ತಿಯನ್ನು ಪ್ರಕಟಿಸಿದರು. ಅವರ ಪ್ರಶ್ನೆ ಬೇರೆ. ಭಾಷೆ ಗೊತ್ತಿರುವ ದೊಡ್ಡವರು ಅರ್ಧ ಕೇಳಿದರೂ ಉಳಿದದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. "ಊಟ ಆಯ್ತಾ" ಎಂಬುದರಲ್ಲಿ ಕೊನೆಯ ಅಕ್ಷರ ಬಿದ್ದುಹೋದರೂ ಅರ್ಥ ಸಿಗುತ್ತದೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ಆ ಬಂಡವಾಳ ಇಲ್ಲ. ಅದಕ್ಕೆ ಸ, ಶ, ತ ಇವೆಲ್ಲ ಕಿವಿಗೇ ಬೀಳಬೇಕು. ಹತ್ತಿರ ಕೂತವರ ಮಾತಷ್ಟೇ ಅಲ್ಲ, ಆಚೆ ಕೋಣೆಯಲ್ಲಿ ಅಜ್ಜಿ ಅಮ್ಮನಿಗೆ ಹೇಳುವ ಮಾತೂ ಬೀಳಬೇಕು. ಹಾಗಾಗಿ ಸಣ್ಣ ದನಿಯಿಂದ ಜೋರು ದನಿಯವರೆಗೆ ಮಾತಿನ ಇಡೀ ಹರವನ್ನು ಮಗುವಿಗೆ ಉಳಿದಿರುವ ಕೇಳುವ ಹರವಿನೊಳಗೆ ಕೂರಿಸುವುದು ಡಿಎಸ್‌ಎಲ್ ಗುರಿ.

ಇದರ ಪರಿಣಾಮ ಟಾರ್ಗೆಟ್‌ನಲ್ಲಿ ನೇರವಾಗಿ ಕಾಣುತ್ತದೆ. ಒಂದೇ ಆಡಿಯೋಗ್ರಾಮ್‌ಗೆ ಡಿಎಸ್‌ಎಲ್ 5ರ ಮಕ್ಕಳ ಟಾರ್ಗೆಟ್ ಸಾಮಾನ್ಯವಾಗಿ ನಾಲ್-ಎನ್‌ಎಲ್2ಗಿಂತ ಹೆಚ್ಚು ಗೇನ್ ಕೇಳುತ್ತದೆ. ವ್ಯತ್ಯಾಸ ಎದ್ದು ಕಾಣುವುದು ಸಣ್ಣ ದನಿಗೆ, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ, ಮತ್ತು ಕಡಿದಾದ ಇಳಿಜಾರಿನ ಮೇಲ್ತುದಿಯಲ್ಲಿ. ಡಿಎಸ್‌ಎಲ್ 5ರಲ್ಲಿ ದೊಡ್ಡವರಿಗೆ ಬೇರೆಯೇ ಟಾರ್ಗೆಟ್ ಇದೆ. ಮಕ್ಕಳದ್ದಕ್ಕಿಂತ ಕಡಿಮೆ ಗೇನ್, ನಾಲ್-ಎನ್‌ಎಲ್2ಗೆ ಸಾಕಷ್ಟು ಹತ್ತಿರ. ನಾಲ್-ಎನ್‌ಎಲ್2 ಕೂಡ ಮಕ್ಕಳಿಗೆ ದೊಡ್ಡವರಿಗಿಂತ ತುಸು ಹೆಚ್ಚು ಕೊಡುತ್ತದೆ. "ಡಿಎಸ್‌ಎಲ್ ಅಂದರೆ ಜೋರು" ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಈ ಕಾರಣಕ್ಕೆ ಸರಿಯಲ್ಲ. ಯಾವ ಆವೃತ್ತಿ, ಯಾರ ಟಾರ್ಗೆಟ್ ಎಂದು ಕೇಳಬೇಕು.

ಎರಡನ್ನೂ ಮುಖಾಮುಖಿ ಇಟ್ಟು ನೋಡಿದ ಅಧ್ಯಯನಗಳಿವೆ. ಆಸ್ಟ್ರೇಲಿಯಾ ಮತ್ತು ಕೆನಡಾದ ತಂಡಗಳು ಒಟ್ಟಾಗಿ 48 ಶಾಲಾ ಮಕ್ಕಳಿಗೆ ನಾಲ್-ಎನ್‌ಎಲ್1 ಮತ್ತು ಡಿಎಸ್‌ಎಲ್ 4.1 ಎರಡನ್ನೂ ಒಂದಾದ ಮೇಲೊಂದರಂತೆ ಹಾಕಿ ನೋಡಿದವು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಶಾಂತವಾದ ಕಡೆ, ಸಣ್ಣ ದನಿಗೆ, ಹಿಂದಿನಿಂದ ಬರುವ ಮಾತಿಗೆ ಡಿಎಸ್‌ಎಲ್ ಮೇಲು. ಗದ್ದಲದ ಜಾಗದಲ್ಲಿ ನಾಲ್ ಹಿತ. ಮಕ್ಕಳು ಮೊದಲಿನಿಂದ ಯಾವುದಕ್ಕೆ ಒಗ್ಗಿದ್ದರೋ ಅದರ ಕಡೆಗೂ ವಾಲಿದ್ದರು. ಇನ್ನೊಂದು, ಟೆರೆಸಾ ಚಿಂಗ್ ಮುಂದಾಳತ್ವದಲ್ಲಿ ಆಸ್ಟ್ರೇಲಿಯಾದಲ್ಲಿ 450ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಲೋಚಿ ಅಧ್ಯಯನ. ಅದರಲ್ಲಿ ಎಳೆಯ ಮಕ್ಕಳ ಒಂದು ಗುಂಪಿಗೆ ಚೀಟಿ ಎತ್ತಿದಂತೆ ಯಾವುದಾದರೊಂದು ಸೂತ್ರ ಕೊಡಲಾಗಿತ್ತು. ಮಾತು-ಭಾಷೆಯ ಬೆಳವಣಿಗೆಯಲ್ಲಿ ಸೂತ್ರದಿಂದಾಗಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಎಷ್ಟು ಬೇಗ ಸಾಧನ ಹಾಕಿದರು ಎಂಬುದು ಮಾತ್ರ ಗಟ್ಟಿಯಾಗಿ ಲೆಕ್ಕಕ್ಕೆ ಬಂತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಚಿಕಿತ್ಸೆ-ತರಬೇತಿ ಶುರು ಎಂಬ 1-3-6 ನಿಯಮ ಇದಕ್ಕೇ ಇದೆ. ಸೂತ್ರದ ಚರ್ಚೆಯಲ್ಲಿ ಮಗುವಿನ ಎರಡು ತಿಂಗಳು ಹೋಗಬಾರದು.

ಸಾಫ್ಟ್‌ವೇರ್‌ಗೆ ತುಂಬುವಾಗ

ನಾಲ್-ಎನ್‌ಎಲ್2 ಆಡಿಯೋಗ್ರಾಮ್ ಒಂದನ್ನೇ ನೋಡುವುದಿಲ್ಲ. ಹಲವು ಕಡೆ ಮೊದಲೇ ತುಂಬಿಟ್ಟ ಉತ್ತರ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಒಂದೊಂದನ್ನೂ ನೋಡಿ.

ವಯಸ್ಸು: ಹುಟ್ಟಿದ ದಿನಾಂಕ ತಪ್ಪಿದ್ದರೆ ಎರಡು ವರ್ಷದ ಮಗುವಿಗೆ ದೊಡ್ಡವರ ಟಾರ್ಗೆಟ್ ಬರುತ್ತದೆ. ಲಿಂಗ: ಹೆಂಗಸರಿಗೆ ಗಂಡಸರಿಗಿಂತ ಸುಮಾರು 2 ಡಿಬಿ ಕಡಿಮೆ ಕೊಡುತ್ತದೆ. ಅನುಭವ: ಹೊಸಬರು ಎಂದು ಗುರುತಿಸಿದರೆ ಗೇನ್ ಇಳಿಯುತ್ತದೆ; ನಷ್ಟ ಹೆಚ್ಚಿದಷ್ಟೂ ಆ ಇಳಿತ ಹೆಚ್ಚು. ಹತ್ತು ವರ್ಷದಿಂದ ಸಾಧನ ಹಾಕುತ್ತಿರುವವರನ್ನು "ಹೊಸಬರು" ಎಂದು ಬಿಟ್ಟರೆ ಹೊಸ ಮಿಷನ್ ಹಳೆಯದಕ್ಕಿಂತ ಮಂಕಾಗಿದೆ ಎಂದು ವಾಪಸ್ ಬರುತ್ತಾರೆ.

ಒಂದು ಕಿವಿಯೋ ಎರಡೋ: ಎರಡೂ ಕಿವಿಗೆ ಎಂದರೆ ಸದ್ದು ಕೂಡುವುದರಿಂದ ಗೇನ್ ಇಳಿಸುತ್ತದೆ. ಸಣ್ಣ ದನಿಗೆ 2 ಡಿಬಿಯಷ್ಟು, ಜೋರು ದನಿಗೆ 6ರವರೆಗೆ. ನಮ್ಮಲ್ಲಿ ಹಣದ ತೊಂದರೆಯಿಂದ ಒಂದೇ ಸಾಧನ ಕೊಳ್ಳುವವರು ಎಷ್ಟೋ ಜನ. ಅವರಿಗೆ ಈ ಆಯ್ಕೆ "ಎರಡು" ಎಂದೇ ಉಳಿದುಬಿಟ್ಟರೆ ಕೊಂಡ ಒಂದರಲ್ಲೂ ಸಿಗಬೇಕಾದ್ದು ಸಿಗದು.

ಭಾಷೆ: ಚೀನೀ ಭಾಷೆಗಳಂತೆ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುವ ಭಾಷೆಗಳಿಗೆ ಈ ಸೂತ್ರ ಕೆಳಗಿನ ಫ್ರೀಕ್ವೆನ್ಸಿಗೆ ಹೆಚ್ಚು ಗೇನ್ ಕೊಡುತ್ತದೆ. ಕನ್ನಡ ಆ ಗುಂಪಿಗೆ ಸೇರಿಲ್ಲ, "ನಾನ್-ಟೋನಲ್" ಆರಿಸಿ.

ಬೋನ್ ಕಂಡಕ್ಷನ್ (ಮೂಳೆಯ ಮೂಲಕ ಸದ್ದು ಮುಟ್ಟಿಸಿ ಮಾಡುವ ಪರೀಕ್ಷೆ): ಕಿವಿ ಸೋರುವ, ಕಿವಿಯ ತಮಟೆ ತೂತಾದ ಕಿವಿಗಳಲ್ಲಿ ಇದನ್ನು ತುಂಬದೆ ಬಿಡುವುದು ದೊಡ್ಡ ತಪ್ಪು. ಗಾಳಿಯ ಮೂಲಕದ ಪರೀಕ್ಷೆಗೂ ಇದಕ್ಕೂ ಇರುವ ಏರ್-ಬೋನ್ ಅಂತರದ ಸುಮಾರು ಮುಕ್ಕಾಲು ಪಾಲನ್ನು ನಾಲ್ ಹೆಚ್ಚುವರಿ ಗೇನ್ ಆಗಿ ಕೊಡುತ್ತದೆ. ಅಂತರ 40 ಡಿಬಿ ಇದ್ದರೆ 30 ಡಿಬಿಯ ಮಾತು ಅದು. ತುಂಬದಿದ್ದರೆ ಸಾಫ್ಟ್‌ವೇರ್ ಇಡೀ ನಷ್ಟವನ್ನು ನರದ್ದೇ ಎಂದು ತಿಳಿಯುತ್ತದೆ.

ಕೊನೆಗೆ, ಯಾವ ಇಯರ್‌ಫೋನ್‌ನಲ್ಲಿ ಪರೀಕ್ಷೆ ಮಾಡಿದಿರಿ ಎಂಬುದು. ಕಿವಿಯೊಳಗೆ ತೂರಿಸುವ ಇನ್ಸರ್ಟ್ ಫೋನೋ, ಹೆಡ್‌ಫೋನೋ ಎಂಬುದರ ಮೇಲೆ ಕಿವಿಯೊಳಗಿನ ಡಿಬಿ ಲೆಕ್ಕ ಬದಲಾಗುತ್ತದೆ. ಡಿಎಸ್‌ಎಲ್‌ನಲ್ಲಂತೂ ಇದು ತಪ್ಪಿದರೆ ಎಲ್ಲವೂ ತಪ್ಪಿದಂತೆ.

ದೊಡ್ಡವರ ಕಿವಿಯಲ್ಲಿ ಅಳತೆ

ಕಂಪನಿಯ ಸಾಫ್ಟ್‌ವೇರ್‌ನಲ್ಲಿ "ನಾಲ್-ಎನ್‌ಎಲ್2" ಆರಿಸಿ ಫಸ್ಟ್ ಫಿಟ್ ಒತ್ತಿದರೆ ಪರದೆಯ ಮೇಲೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಅದು ಸರಾಸರಿ ಕಿವಿಯ ಲೆಕ್ಕ. ನಿಜವಾದ ಕಿವಿಯಲ್ಲಿ ಅಳೆದಾಗ, ಅದರಲ್ಲೂ 2000 ಹರ್ಟ್ಜ್‌ನಿಂದ ಮೇಲೆ, 10 ಡಿಬಿ ಕಡಿಮೆ ಬರುವುದು ಅಪರೂಪವೇನಲ್ಲ. ಕಂಪನಿಯ ಸ್ವಂತ ಸೂತ್ರ ಹಿಡಿದರೆ ಕೊರತೆ ಇನ್ನೂ ಹೆಚ್ಚಿರಬಹುದು. ಮೊದಲ ದಿನ ಹಿತವಾಗಿ ಕೇಳಲಿ ಎಂಬುದಕ್ಕೆ ಅವು ಒತ್ತು ಕೊಡುತ್ತವೆ. ಆದ್ದರಿಂದ ಪ್ರೋಬ್ ಮೈಕ್ ಅಳತೆ, ಅಂದರೆ ಸಣ್ಣ ಟ್ಯೂಬನ್ನು ಕಿವಿಯೊಳಗೆ ಇಳಿಸಿ ತಮಟೆಯ ಬಳಿಯ ಸದ್ದನ್ನು ಅಳೆಯುವುದು, ಬೇಕೇ ಬೇಕು.

1. ಕಿವಿಯೊಳಗೆ ನೋಡಿ. ಗುಗ್ಗೆ ಇದ್ದರೆ ಮೊದಲು ತೆಗೆಸಿ. ಪ್ರೋಬ್ ಟ್ಯೂಬಿನ ತುದಿಗೆ ಗುಗ್ಗೆ ಮೆತ್ತಿದರೆ ಮೇಲಿನ ಫ್ರೀಕ್ವೆನ್ಸಿಗಳೆಲ್ಲ ಬಿದ್ದಂತೆ ಕಾಣುತ್ತದೆ, ನೀವು ಸಾಧನದ ಗೇನ್ ಏರಿಸುತ್ತಾ ಹೋಗುತ್ತೀರಿ.

2. ಟ್ಯೂಬ್ ಕ್ಯಾಲಿಬ್ರೇಟ್ ಮಾಡಿ, ಗುರುತು ಹಾಕಿ. ಕಿವಿಯ ಮುಂದಿನ ತಗ್ಗಿನಿಂದ ಹೆಂಗಸರಿಗೆ 28 ಮಿ.ಮೀ., ಗಂಡಸರಿಗೆ 30-31 ಮಿ.ಮೀ. ಒಳಗೆ. ತುದಿ ತಮಟೆಯಿಂದ 5 ಮಿ.ಮೀ. ಒಳಗಿರಬೇಕು. ಸಾಧನ ಇಲ್ಲದ ತೆರೆದ ಕಿವಿಯಲ್ಲಿ ಒಮ್ಮೆ ಅಳೆದು ನೋಡಿ: 2700 ಹರ್ಟ್ಜ್ ಆಸುಪಾಸಿನಲ್ಲಿ ಗುಡ್ಡ ಕಾಣಬೇಕು, 6000 ಹರ್ಟ್ಜ್ ಬಳಿ ಗೆರೆ −5 ಡಿಬಿಗಿಂತ ಕೆಳಗೆ ಕುಸಿಯಬಾರದು. ಕುಸಿದರೆ ಟ್ಯೂಬ್ ಇನ್ನೂ ಒಳಗೆ ಹೋಗಬೇಕು.

3. ಸ್ಪೀಕರ್ ನೇರ ಎದುರಿಗೆ, ಅರ್ಧದಿಂದ ಒಂದು ಮೀಟರ್ ದೂರದಲ್ಲಿ. ತೆರೆದ ಡೋಮ್ (ಕಿವಿಯನ್ನು ಪೂರ್ತಿ ಮುಚ್ಚದ ಮೃದು ತುದಿ) ಆದರೆ ಸಾಧನವನ್ನು ಮ್ಯೂಟ್ ಮಾಡಿ ಸ್ಪೀಕರ್ ಮಟ್ಟವನ್ನು ಮೊದಲೇ ಶೇಖರಿಸಿಡಿ. ಇಲ್ಲದಿದ್ದರೆ ಕಿವಿಯಿಂದ ಸೋರಿದ ಸದ್ದು ಹೊರಗಿನ ರೆಫರೆನ್ಸ್ ಮೈಕ್‌ಗೆ ಬಿದ್ದು ಅಳತೆ ಸುಳ್ಳಾಗುತ್ತದೆ.

4. ಐಎಸ್‌ಟಿಎಸ್ ಸಂಕೇತ ಬಿಡಿ. ಆರು ಭಾಷೆಗಳ ಹೆಣ್ಣು ದನಿಗಳನ್ನು ತುಂಡರಿಸಿ ಬೆರೆಸಿದ, ಯಾವ ಭಾಷೆಯೂ ಅಲ್ಲದ ಮಾತು ಅದು. ಮೊದಲು 65 ಡಿಬಿ, ಆಮೇಲೆ 55, ಆಮೇಲೆ 75. 250ರಿಂದ 4000 ಹರ್ಟ್ಜ್‌ವರೆಗೆ ಟಾರ್ಗೆಟ್‌ನ ಆಚೀಚೆ 5 ಡಿಬಿಯೊಳಗೆ ತನ್ನಿ. 65 ಒಂದನ್ನೇ ನೋಡಿ ಎದ್ದುಬಿಡುವುದು ಸಾಮಾನ್ಯ. ಮನೆಯಲ್ಲಿ ದೂರು ಹುಟ್ಟುವುದು 55ರಲ್ಲಿ.

5. 85 ಅಥವಾ 90 ಡಿಬಿ ಟೋನ್ ಬಿಟ್ಟು ಗರಿಷ್ಠ ಔಟ್‌ಪುಟ್ ನೋಡಿ. ಅದು ಆ ವ್ಯಕ್ತಿಯ ಅಸಹನೆಯ ಮಟ್ಟಕ್ಕಿಂತ ಕೆಳಗೇ ಇರಬೇಕು. ಆಮೇಲೆ ಕೋಣೆಯಲ್ಲೇ ಚಪ್ಪಾಳೆ ತಟ್ಟಿ, ಸ್ಟೀಲ್ ಲೋಟ ಮೇಜಿಗೆ ಕುಟ್ಟಿ ಮುಖ ನೋಡಿ.

ಕೇಳದ ಮೇಲಿನ ಸದ್ದುಗಳನ್ನು ಕೆಳಗೆ ತರುವ, ಅಂದರೆ ಫ್ರೀಕ್ವೆನ್ಸಿ ಇಳಿಸುವ, ಸೌಲಭ್ಯವನ್ನು ಆಫ್ ಮಾಡಿಯೇ ಟಾರ್ಗೆಟ್ ಹೊಂದಿಸಿ. ಅದಿಲ್ಲದೆ ಸ, ಶ ಕೇಳಿಸದಿದ್ದರೆ ಮಾತ್ರ ಆನ್ ಮಾಡಿ, ಬೇಕಾದಷ್ಟೇ.

ಮಕ್ಕಳಲ್ಲಿ ಲೆಕ್ಕ ಬದಲಾಗುವ ಜಾಗ

ಮಗುವಿನ ಕಿವಿಯ ಕೊಳವೆ ಸಣ್ಣದು. ಜಾಗ ಕಡಿಮೆಯಾದಷ್ಟೂ ಅದೇ ಸದ್ದಿನ ಒತ್ತಡ ಹೆಚ್ಚು. ಸಾಧನವನ್ನು ಅಳೆಯುವ 2 ಸಿಸಿ ಲೋಹದ ಕಪ್ಲರ್‌ಗೂ ನಿಜವಾದ ಕಿವಿಗೂ ಇರುವ ಡಿಬಿ ವ್ಯತ್ಯಾಸವೇ ಆರ್‌ಇಸಿಡಿ. 4000 ಹರ್ಟ್ಜ್‌ನಲ್ಲಿ ಕೂಸಿನ ಆರ್‌ಇಸಿಡಿ 18, ದೊಡ್ಡವರದ್ದು 9 ಎಂದಿಟ್ಟುಕೊಳ್ಳಿ. ಕಪ್ಲರ್‌ನಲ್ಲಿ 85 ಡಿಬಿ ಕೊಡುವ ಸಾಧನ ದೊಡ್ಡವರ ಕಿವಿಯಲ್ಲಿ 94, ಕೂಸಿನ ಕಿವಿಯಲ್ಲಿ 103 ಆಗುತ್ತದೆ. ಕೂಸು "ಜೋರಾಯ್ತು" ಎನ್ನುವುದಿಲ್ಲ, ಅಳುತ್ತದೆ ಅಥವಾ ಸಾಧನ ಕಿತ್ತೆಸೆಯುತ್ತದೆ.

ಇದೇ ವ್ಯತ್ಯಾಸ ಶ್ರವಣ ಪರೀಕ್ಷೆಯೊಳಗೂ ಕೂತಿರುತ್ತದೆ. ಇನ್ಸರ್ಟ್ ಫೋನ್ ಡಯಲ್ 50 ಡಿಬಿ ಎಂದರೂ ಕೂಸಿನ ತಮಟೆಗೆ ಬಿದ್ದದ್ದು ಅದಕ್ಕಿಂತ ಹೆಚ್ಚು. ಕಿವಿ ಬೆಳೆದಂತೆ, ಶ್ರವಣ ಒಂದು ಚೂರೂ ಕೆಡದೆ, ಆಡಿಯೋಗ್ರಾಮ್ ಕೆಳಗಿಳಿದಂತೆ ಕಾಣುವುದುಂಟು. ಪೋಷಕರು ಗಾಬರಿಯಾಗುವ ಮುನ್ನ ಹಳೆಯ, ಹೊಸ ಎರಡೂ ಪರೀಕ್ಷೆಗಳನ್ನು ಕಿವಿಯೊಳಗಿನ ಸದ್ದಿನ ಒತ್ತಡಕ್ಕೆ (ಎಸ್‌ಪಿಎಲ್) ಪರಿವರ್ತಿಸಿ ಹೋಲಿಸಿ.

ಅಳೆಯುವುದು ಹೀಗೆ. ಮಗುವಿನ ಇಯರ್ ಮೋಲ್ಡ್‌ಗೆ (ಕಿವಿಯ ಅಚ್ಚು ತೆಗೆದು ಮಾಡಿದ ತುಂಡು) ಪ್ರೋಬ್ ಟ್ಯೂಬನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಅಂಟಿಸಿ. ಟ್ಯೂಬಿನ ತುದಿ ಮೋಲ್ಡ್ ತುದಿಗಿಂತ ಸುಮಾರು 5 ಮಿ.ಮೀ. ಮುಂದಿರಲಿ, ತೀರ ಎಳೆಗೂಸಾದರೆ 2-4 ಸಾಕು. ಎರಡೂ ಒಟ್ಟಿಗೇ ಒಳಗೆ ಹೋಗುವುದರಿಂದ ಆಳ ಬದಲಾಗದು. ಹಾಲು ಕುಡಿದು ಮಲಗಿದ ಹೊತ್ತು ನೋಡಿಕೊಳ್ಳಿ. ಸಂಕೇತ ಬಿಡುವುದು ಕೆಲವೇ ಸೆಕೆಂಡು. ಗೆರೆ ಓದಿ: ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಸೊನ್ನೆಗಿಂತ ತೀರ ಕೆಳಗಿದ್ದರೆ ಮೋಲ್ಡ್ ಸಡಿಲ, ಸದ್ದು ಸೋರುತ್ತಿದೆ; ಅಥವಾ ತಮಟೆಯಲ್ಲಿ ತೂತಿದೆ. ಮೇಲ್ತುದಿಯಲ್ಲಿ ಬಿದ್ದಿದ್ದರೆ ಟ್ಯೂಬ್ ಆಳ ಸಾಲದು ಅಥವಾ ಮುಚ್ಚಿದೆ. ಈ ಅಂಕಿ ಸಿಕ್ಕ ಮೇಲೆ ಉಳಿದ ಹೊಂದಾಣಿಕೆಯನ್ನೆಲ್ಲ ಟೆಸ್ಟ್ ಬಾಕ್ಸ್‌ನಲ್ಲಿ ಮಾಡಬಹುದು, ಮಗು ಅಮ್ಮನ ಮಡಿಲಲ್ಲಿ ನಿದ್ದೆ ಮಾಡುತ್ತಿರಲಿ. ಅಳೆಯಲು ಸಾಧ್ಯವೇ ಆಗದಿದ್ದರೆ ವಯಸ್ಸಿಗೆ ತಕ್ಕ ಸರಾಸರಿ ಬಳಸಿ. ದೊಡ್ಡವರದ್ದನ್ನು ಎಂದೂ ಬೇಡ.

ಸದ್ದಿಗೆ ಶ್ರವಣ ನರದ ಪ್ರತಿಕ್ರಿಯೆ ಅಳೆಯುವ ಎಬಿಆರ್ ಪರೀಕ್ಷೆ ಆಧರಿಸಿ ಸಾಧನ ಹಾಕುವಾಗ ಇನ್ನೊಂದು ಬಲೆ ಇದೆ. ಎಬಿಆರ್ ಯಂತ್ರ ನೇರವಾಗಿ ಕೊಡುವ ಎನ್‌ಎಚ್‌ಎಲ್ ಅಂಕಿ ಮಗುವಿನ ನಿಜವಾದ ಶ್ರವಣ ಮಟ್ಟಕ್ಕಿಂತ ಹೆಚ್ಚಿರುತ್ತದೆ: 500 ಹರ್ಟ್ಜ್‌ನಲ್ಲಿ 10-15 ಡಿಬಿ, 2000ದಲ್ಲಿ 5ರ ಆಸುಪಾಸು. ನಿಮ್ಮ ಯಂತ್ರಕ್ಕೆ ತಕ್ಕ ತಿದ್ದುಪಡಿಯನ್ನು ಕಳೆದು ಇಎಚ್‌ಎಲ್ (ಅಂದಾಜು ಶ್ರವಣ ಮಟ್ಟ) ಮಾಡಿಯೇ ತುಂಬಬೇಕು. ಕಳೆಯದಿದ್ದರೆ ಮಗುವಿಗೆ ಅತಿಯಾದ ಗೇನ್. ಕೆಲವು ಸಾಫ್ಟ್‌ವೇರ್ ತಾನೇ ಕಳೆಯುತ್ತದೆ. ನೀವೂ ಕಳೆದಿದ್ದರೆ ಎರಡು ಸಲ ಕಳೆದಂತಾಗಿ ಮಗುವಿಗೆ ಮಾತೇ ಕೇಳಿಸದು. ವರದಿಯ ಮೇಲೆ "ಎನ್‌ಎಚ್‌ಎಲ್" ಅಥವಾ "ಇಎಚ್‌ಎಲ್" ಎಂದು ದೊಡ್ಡದಾಗಿ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ.

ಸೂತ್ರ ಯಾವುದು? ಭಾಷೆ ಕಲಿಯುವ ವಯಸ್ಸಿಗೆ ಡಿಎಸ್‌ಎಲ್ 5ರ ಮಕ್ಕಳ ಟಾರ್ಗೆಟ್ ನಮ್ಮ ಮೊದಲ ಆಯ್ಕೆ, ಸಣ್ಣ ದನಿಯ ಕಾರಣಕ್ಕೆ. ನಾಲ್-ಎನ್‌ಎಲ್2 ಮೇಲೆ ಚೆನ್ನಾಗಿ ಬೆಳೆಯುತ್ತಿರುವ ಮಗುವನ್ನು ಬದಲಿಸಬೇಕಿಲ್ಲ. ತರಗತಿಯ ಗದ್ದಲಕ್ಕೆ ಗೇನ್ ಕಡಿಮೆ ಇರುವ ಎರಡನೆಯ ಪ್ರೋಗ್ರಾಮ್ ಕೊಡಿ. ಹದಿನೆಂಟು ತುಂಬಿತೆಂದು ಒಂದೇ ದಿನ ದೊಡ್ಡವರ ಟಾರ್ಗೆಟ್‌ಗೆ ಇಳಿಸಬೇಡಿ. ಆ ಜೋರಿಗೆ ಒಗ್ಗಿದ ಕಿವಿಗೆ ಹಠಾತ್ತನೆ ಎಲ್ಲ ಮಂಕಾಗುತ್ತದೆ.

ಹಾಕಿದ ಮೇಲೆ

ದೊಡ್ಡವರ ದೂರುಗಳಲ್ಲಿ ಹೆಚ್ಚು ಕೆಡುಕು ಮಾಡುವುದು "ಪಾತ್ರೆ ಸದ್ದು ಚುಚ್ಚುತ್ತೆ" ಎಂಬುದು. ತಕ್ಷಣ ಮೇಲಿನ ಫ್ರೀಕ್ವೆನ್ಸಿಯ ಗೇನ್ ಎಲ್ಲ ಮಟ್ಟದಲ್ಲೂ ಇಳಿಸಿದರೆ ಪಾತ್ರೆಯ ಜೊತೆಗೆ ಸ, ಶ, ಚ ಕೂಡ ಹೋಗುತ್ತವೆ. ಮುಂದಿನ ಸಲ "ಕೇಳುತ್ತೆ, ಅರ್ಥ ಆಗಲ್ಲ" ಎಂದು ಬರುತ್ತಾರೆ. ಇಳಿಸಬೇಕಾದ್ದು ಜೋರು ದನಿಯ ಗೇನ್ ಮತ್ತು ಗರಿಷ್ಠ ಔಟ್‌ಪುಟ್ ಮಾತ್ರ. ತಮ್ಮ ದನಿ ತಮಗೇ ಗುಂಯ್‌ಗುಡುತ್ತದೆ ಎಂದರೆ ಮೊದಲು ವೆಂಟ್ (ಮೋಲ್ಡ್‌ನ ಗಾಳಿರಂಧ್ರ) ದೊಡ್ಡದು ಮಾಡಿ, ಆಮೇಲೆ ಕೆಳಗಿನ ಫ್ರೀಕ್ವೆನ್ಸಿ ಮುಟ್ಟಿ. ಹೊಸಬರು ಟಾರ್ಗೆಟ್ ತಡೆಯಲಾರರು ಎಂದರೆ ತುಸು ಕೆಳಗೆ ಶುರುಮಾಡಿ, ವಾರಗಳಲ್ಲಿ ಮೇಲಕ್ಕೆ ಬನ್ನಿ. ಎಷ್ಟು ಕೆಳಗಿಟ್ಟಿರಿ ಎಂದು ಫೈಲಿನಲ್ಲಿ ಬರೆಯದಿದ್ದರೆ ಅದು ಅಲ್ಲೇ ಉಳಿದುಬಿಡುತ್ತದೆ. ಫಲ ಅಳೆಯಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಯಾರಾದ ಕನ್ನಡ ಪದಪಟ್ಟಿಗಳಿವೆ. ಇಂಗ್ಲಿಷ್ ಪಟ್ಟಿಯಲ್ಲಿ ಕನ್ನಡದವರನ್ನು ಪರೀಕ್ಷಿಸಬೇಡಿ.

ಮಕ್ಕಳ ವಿಷಯದಲ್ಲಿ ದಿನದ ಪರೀಕ್ಷೆ ಮನೆಯವರ ಕೈಯಲ್ಲಿದೆ. ಬೆಳಗ್ಗೆ ಸಾಧನ ಹಾಕಿದ ಮೇಲೆ ಬಾಯಿ ಮರೆಮಾಡಿ ಮ್, ಊ, ಆ, ಈ, ಶ್, ಸ್ ಎಂಬ ಆರು ಲಿಂಗ್ ಧ್ವನಿಗಳನ್ನು ಒಂದೊಂದಾಗಿ ಹೇಳಿ, ಮಗು ತಿರುಗುತ್ತದೆಯೇ, ದೊಡ್ಡದಾದರೆ ಮರುನುಡಿಯುತ್ತದೆಯೇ ನೋಡಿ. ನಿನ್ನೆಯವರೆಗೆ ಕೇಳುತ್ತಿದ್ದ ಸ್ ಇಂದು ಕೇಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಟ್ಯೂಬಿನಲ್ಲಿ ನೀರಿನ ಹನಿ, ಆಮೇಲೆ ಮೋಲ್ಡ್‌ನ ಗುಗ್ಗೆ ನೋಡಿ. ಎಲ್ಲ ಧ್ವನಿಯೂ ಮಂಕಾಗಿದ್ದು ನೆಗಡಿಯೂ ಇದ್ದರೆ ತಮಟೆಯ ಹಿಂದೆ ನೀರು ತುಂಬಿರಬಹುದು; ಗೇನ್ ಮುಟ್ಟದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಸಾಧನ ಶಿಳ್ಳೆ ಹೊಡೆಯಲು ಶುರುವಾದರೆ ಸಾಮಾನ್ಯವಾಗಿ ಮೋಲ್ಡ್ ಚಿಕ್ಕದಾಗಿದೆ ಎಂದರ್ಥ. ಮೊದಲ ವರ್ಷದಲ್ಲಿ ಇದು ಒಂದೆರಡು ತಿಂಗಳಿಗೊಮ್ಮೆಯೂ ಆಗಬಹುದು. ಶಿಳ್ಳೆ ನಿಲ್ಲಿಸಲು ಗೇನ್ ಇಳಿಸಿ ಕಳಿಸಿದರೆ ಹೊಸ ಮೋಲ್ಡ್ ಬರುವವರೆಗೂ ಮಗು ಮಾತನ್ನು ಕಳೆದುಕೊಳ್ಳುತ್ತದೆ. ಹೊಸ ಮೋಲ್ಡ್ ಬಂದ ದಿನವೇ ಆರ್‌ಇಸಿಡಿ ಮತ್ತೆ ಅಳೆದು, ಟಾರ್ಗೆಟ್ ಮತ್ತೆ ಹೊಂದಿಸಿ, ದಿನಾಂಕದ ಸಮೇತ ಪ್ರಿಂಟ್ ತೆಗೆದು ಒಂದು ಪ್ರತಿಯನ್ನು ಪೋಷಕರಿಗೆ ಕೊಡಿ. ಅದರಲ್ಲಿ ಸೂತ್ರದ ಹೆಸರು, ಆವೃತ್ತಿ, ಆರ್‌ಇಸಿಡಿ ಅಳೆದದ್ದೋ ಸರಾಸರಿಯದೋ ಎಂಬುದು, ಮತ್ತು 55, 65, 75ರ ಮೂರೂ ಗೆರೆಗಳು ಇರಲಿ. ಊರು ಬದಲಾಗಿ ಬೇರೆ ಆಡಿಯಾಲಜಿಸ್ಟ್ ಬಳಿ ಹೋದಾಗ ಅವರು ಅಲ್ಲಿಂದಲೇ ಮುಂದುವರಿಸಬಹುದು.